ಜೋಡಿ ಡಬ್ಬಿ, ಬೇರೆ ಬೇರೆ ಸಾವು

"ಕರೆಂಟ್ ಹೆಚ್ಚುಕಡಿಮಿ ಆಗಿ ಹೋಗ್ಯಾವ ನೋಡಪಾ."

ತೀರ್ಪು ಮೊದಲು ಕೊಟ್ಟು, ಆಮೇಲೆ ಮಾಸ್ತರು ಎರಡೂ ಸ್ಪೀಕರ್ ಡಬ್ಬಿಗಳನ್ನು ಟೇಬಲ್ಲಿನ ಮೇಲೆ ಇಳಿಸಿದರು. ಹಿಂದೆಯೇ ಆಟೋದವನು ಆಂಪ್ಲಿಫೈಯರ್ ತಂದಿಟ್ಟ.

"ಯಾವುದು ಹೋಗೈತ್ರಿ ಸರ್?"

"ಎರಡೂ. ಎಡಕ್ಕಿಂದು ಉಸುರೇ ಬಿಡೂದಿಲ್ಲ. ಬಲಕ್ಕಿಂದು ಹಾಡ್ತೈತಿ, ಆದ್ರ ಕಂಬಳಿ ಹೊಚ್ಚಿಕೊಂಡು ಹಾಡಿದಂಗ."

"ಹಂಗಾದ್ರ ಇವು ಎರಡು ಕೇಸ್ ಆದ್ವು. ಒಂದೇ ಕಾರಣಕ್ಕ ಎರಡು ಬ್ಯಾರೆ ಬ್ಯಾರೆ ನಮೂನಿ ಸಾಯೂದು ಕಡಿಮಿ."

ಗಂಗಾವತಿಯ ಈ ಅಂಗಡಿ ಒಂದು ಕಾಲಕ್ಕೆ ಟೇಪ್‌ರೆಕಾರ್ಡರಿನ ಹೆಡ್ ಒರೆಸಿ, ಬೆಲ್ಟ್ ಬದಲಿಸಿ ನಡೆದದ್ದು. ಈಗ ಮಿಕ್ಸರ್, ಇಂಡಕ್ಷನ್ ಒಲೆ, ಮದುವೆ ಸೀಸನ್ನಿನಲ್ಲಿ ಮೈಕ್‌ಸೆಟ್. ಕನಕಗಿರಿ ಜಾತ್ರೆ ಮುಗಿದ ಮೇಲಂತೂ ಸುಟ್ಟ ಹಾರ್ನ್ ಯೂನಿಟ್‌ಗಳ ಸಾಲೇ ಬಾಗಿಲ ಬಳಿ. ಮೆಕ್ಯಾನಿಕ್ಕಿಗೆ ಐವತ್ತು ದಾಟಿದೆ. ಮಾಸ್ತರು ಕನಕಗಿರಿಯವರು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಈ ಮೆಕ್ಯಾನಿಕ್ಕೂ ಅವರ ಕೈಯಲ್ಲೇ ಕಲಿತವನು. ಟೇಬಲ್ಲಿನ ಈಚೆ ಬಂದು ಕೂತಾಗ ಮಾತ್ರ ಪ್ರಶ್ನೆ ಕೇಳುವ ಸರದಿ ಅವನದು.

"ಸತ್ತಾಗ ಏನ್ ಸಪ್ಪಳ ಬಂತ್ರಿ?"

"ಸ್ವಿಚ್ ಹಾಕಿದೆ. ಮನ್ಸೂರರ ಖಯಾಲಿನ ಸಿ.ಡಿ. ಹಚ್ಚೂಕಿಂತ ಮೊದಲ ಎಡಗಡೆ 'ದಪ್' ಅಂತು. ಆಮ್ಯಾಲ ಗುಂಯ್ ಅಂತ ಹತ್ತಿತು. ನಾ ಎದ್ದು ಹೋಗಿ ಬಂದ್ ಮಾಡೂದ್ರಾಗ ಸುಟ್ಟ ವಾಸನಿ ಬಂತು."

"ಬಲಕ್ಕಿಂದು ಆವತ್ತೇ ಹಿಂಗಾತೇನ?"

ಮಾಸ್ತರು ಸ್ವಲ್ಪ ಯೋಚಿಸಿದರು. "ಇಲ್ಲ. ಅದಕ್ಕಿಂತ ಮೊದಲ ಆಗಿತ್ತು ಅನಸ್ತೈತಿ. ಮೊಮ್ಮಗನ ಹುಟ್ಟುಹಬ್ಬ ಮಾಡಿದ್ವಿ. ಅಂಗಳದಾಗ ಹುಡುಗ್ರು ಸಂಜಿಯಿಂದ ಇದಕ್ಕ ಮೊಬೈಲ್ ಜೋಡಿಸಿ ಡಿಜೆ ಜಾನಪದ ಹಚ್ಚಿದ್ರು. ಮರುದಿನದಿಂದ ತಂಬೂರಿ ಮಂಕಾದಂಗ ಕೇಳ್ತಿತ್ತು. ನನ್ನ ಕಿವಿಗೇ ವಯಸ್ಸಾತು ಅಂದ್ಕೊಂಡೆ."

ಮೀಟರ್ ಕೈಗೆತ್ತಿಕೊಳ್ಳುವ ಮೊದಲೇ ಅರ್ಧ ತನಿಖೆ ಹೀಗೆ ಮುಗಿದಿರುತ್ತದೆ. ಸ್ಪೀಕರು ಮೆಲ್ಲಗೆ ಮಂಕಾಯಿತೋ, ಕರಕರ ಅನ್ನತೊಡಗಿತೋ, ಬಿಟ್ಟುಬಿಟ್ಟು ಹಾಡಿತೋ, ಒಮ್ಮೆಲೇ ನಿಂತಿತೋ: ಒಂದೊಂದಕ್ಕೂ ಒಂದೊಂದು ದಾರಿ. ಬಿಟ್ಟುಬಿಟ್ಟು ಹಾಡಿದರೆ ಕೋನಿಗೆ ಹೋಗುವ ಹೆಣೆದ ತಂತಿ ಕುಣಿದು ಕುಣಿದು ತುಂಡಾಗಿರಬಹುದು. ಗಂಗಾವತಿಯಂಥ ಭತ್ತದ ಊರಿನಲ್ಲಿ ಇನ್ನೊಂದು ಅನುಮಾನವನ್ನೂ ಇಟ್ಟುಕೊಳ್ಳಬೇಕು. ಡಬ್ಬಿಯ ಗಾಳಿಕಿಂಡಿಯಿಂದ ಇಲಿ ಒಳಹೊಕ್ಕು, ಒಳಗಿನ ಹತ್ತಿಯಲ್ಲಿ ಗೂಡು ಮಾಡಿ, ಕಾಗದದ ಕೋನನ್ನೇ ಕಡಿದಿರುತ್ತದೆ.

ಇಲ್ಲಿ ಇಲಿಯ ಸುಳಿವಿರಲಿಲ್ಲ. ಮೆಕ್ಯಾನಿಕ್ ಎಡ ಡಬ್ಬಿಯ ಗಾಳಿಕಿಂಡಿಗೆ ಮೂಗಿಟ್ಟು, ಮಾಸ್ತರ ಕಡೆ ತಿರುಗಿಸಿದ. ಸುಟ್ಟ ವಾರ್ನಿಷ್ಷಿನ ಘಾಟು ಇನ್ನೂ ಹೋಗಿರಲಿಲ್ಲ.

"ಈಗ ಕೋನ್ ಒತ್ತಿ ನೋಡ್ರಿ. ಹಂಗಲ್ರಿ, ಒಂದ ಬಟ್ಟಲೆ ಒತ್ತಬಾರ್ದು. ಎರಡೂ ಕೈ ಬಟ್ಟು ನಡುವಿನ ಟೋಪಿ ಆಚೀಚಿ ಸಮ ಇಟ್ಟು ಒತ್ರಿ."

ಬಲ ಡಬ್ಬಿಯ ಎಂಟಿಂಚಿನ ವೂಫರ್ ಸದ್ದಿಲ್ಲದೆ ಒಳಗೆ ಹೋಗಿ ಹೊರಗೆ ಬಂತು. ಎಡದ್ದು ಅಲುಗಲಿಲ್ಲ. ಇನ್ನಷ್ಟು ಒತ್ತಿದಾಗ 'ಕರ್ರ್' ಎಂದು ಕೆರೆದು ಅಲ್ಲೇ ಹಿಡಿಯಿತು. ಸರಿಯಾಗಿ ನೋಡಿದರೆ ಅದರ ಕೋನು ಬಲದ್ದಕ್ಕಿಂತ ತುಸು ಮುಂದೆ ಬಂದು ನಿಂತಿತ್ತು.

"ಒಂದ ಕಡಿ ಕೆರದಿದ್ರ ಕೋನ್ ವಾಲೈತಿ, ಇಲ್ಲಾ ಮ್ಯಾಗ್ನೆಟ್ ಸರದೈತಿ ಅನಬಹುದಿತ್ತು. ಕೆಲವು ಡಬ್ಬಿಯಾಗ ಗ್ಯಾಪಿಗೆ ಕಬ್ಬಿಣದ ಧೂಳ ಹತ್ತಿರ್ತೈತಿ. ಗಿಣಿಗೇರಿ ಕಡಿಂದ ಬಂದ ಡಬ್ಬಿ ಬಿಚ್ಚಿದ್ರ ನಾ ಮೊದಲು ಅದನ್ನ ನೋಡ್ತೀನಿ, ಸುತ್ತ ಉಕ್ಕಿನ ಫ್ಯಾಕ್ಟರಿ ಅದಾವಲ್ಲ. ಮ್ಯಾಗ್ನೆಟ್ ಅಂದ ಮ್ಯಾಲ ಎಳಕೊಳ್ಳೂದ ಅದರ ಗುಣ. ಇದು ಹಂಗಲ್ಲ. ಸುತ್ತೂ ಹಿಡದೈತಿ. ಕಾಯಿಲ್ ಉಬ್ಬೈತಿ."

"ಉಬ್ಬೂದಂದ್ರ?"

"ಕಾಯಿಲ್ ಕೂತಿರೂದು ಸಣ್ಣ ಸಂದ್ಯಾಗ ಸರ್. ಆ ಕಡಿ ಈ ಕಡಿ ಕಾಗದದಷ್ಟು ಜಾಗ. ತಂತಿ ಕಾದು ಅಂಟು ಕರಗಿತು ಅಂದ್ರ ಸುತ್ತು ಸಡಲಾಗಿ ಗೋಡಿಗೆ ಹಿಡೀತೈತಿ."

ಈ ಸಣ್ಣ ಸಂದಿಯ ಕಥೆಗೆ ನೂರು ವರ್ಷದ ವಯಸ್ಸು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ಪ್ರಕಟಿಸಿದ ವಿನ್ಯಾಸವೇ ಇವತ್ತಿಗೂ ಹೆಚ್ಚಿನ ಡಬ್ಬಿಗಳ ಒಳಗಿರುವುದು: ಆಯಸ್ಕಾಂತದ ಸಂದಿಯಲ್ಲಿ ತಂತಿಯ ಸುರುಳಿ, ಸುರುಳಿಗೆ ಅಂಟಿದ ಕೋನು. ಮಾಸ್ತರು ವರ್ಷವರ್ಷವೂ ಬೋರ್ಡಿನ ಮುಂದೆ ಕೈ ತಿರುಗಿಸಿ ಹೇಳಿಕೊಟ್ಟ ಫ್ಲೆಮಿಂಗನ ಎಡಗೈ ನಿಯಮಕ್ಕಿಂತ ಹೆಚ್ಚಿನದೇನೂ ಅದರಲ್ಲಿಲ್ಲ. ಆದರೆ ಪುಸ್ತಕ ಹೇಳದ ಒಂದು ಮಾತಿದೆ. ಮನೆಯ ಸ್ಪೀಕರು ತಾನು ಪಡೆದ ವಿದ್ಯುತ್ತಿನಲ್ಲಿ ಶೇ. 1ರ ಆಸುಪಾಸನ್ನು ಮಾತ್ರ ಶಬ್ದ ಮಾಡುತ್ತದೆ. ಉಳಿದದ್ದೆಲ್ಲ ಕಾವು. ಲೆಕ್ಕಕ್ಕೆ ಅದು ಹಾಡುವ ಒಲೆ.

ಮೆಕ್ಯಾನಿಕ್ ಮೀಟರ್ ಹಚ್ಚಿದ. ಬಲ ಡಬ್ಬಿ 6.1 ಓಮ್ ತೋರಿಸಿತು.

"ಇದರ ಮ್ಯಾಲ ಎಂಟು ಓಮ್ ಅಂತ ಬರದೈತಲ್ಲ?" ಎಂದರು ಮಾಸ್ತರು.

"ಅದು ಹಾಡುವಾಗಿನ ಲೆಕ್ಕ. ಮೀಟರಿನ ಸೆಲ್ಲಿಗೆ ಆರರ ಹತ್ರ ಬಂದ್ರ ಬರೋಬ್ಬರಿ ಐತಿ ಅಂತ ಅರ್ಥ. ಎಡಕ್ಕಿಂದು ನೋಡ್ರಿ."

1.3 ಓಮ್.

"ಕಾಯಿಲ್ ಸುಟ್ರ ತುಂಡಾಗಿ ಏನೂ ತೋರಸಬಾರ್ದಲ್ಲಪಾ?"

"ತುಂಡಾದ್ರ ಪುಣ್ಯ. ಇದರಾಗ ತಂತಿ ಮ್ಯಾಲಿನ ಇನಾಮಲ್ ಸುಟ್ಟು ಸುತ್ತಿಗೆ ಸುತ್ತು ಹತ್ತ್ಯಾವ. ಇದು ಭಾಳ ಕೆಟ್ಟದ್ದು. ಆಂಪ್ಲಿಫೈಯರ್ ರಿಪೇರಿ ಮಾಡಿ ಮತ್ತ ಇದಕ್ಕ ಜೋಡಿಸಿದ್ರ ಹೊಸ ಟ್ರಾನ್ಸಿಸ್ಟರೂ ಹಾರಿ ಹೋಗ್ತಾವ."

ಬ್ಲೇಡಿನಿಂದ ನಡುವಿನ ಟೋಪಿಯನ್ನು ಸುತ್ತಲೂ ಕೊಯ್ದು ಎತ್ತಿದ. ಟಾರ್ಚಿನ ಬೆಳಕಿಗೆ ಸುರುಳಿ ಕಂಡಿತು. ತಾಮ್ರದ ಬಣ್ಣ ಎಲ್ಲೂ ಉಳಿದಿರಲಿಲ್ಲ. ಸಂದಿಯಿಂದ ಹೊರಗೆ ಬಂದು ನಿಂತಿದ್ದ ಮುಂಭಾಗ ಕರ್ರಗಾಗಿ, ಎರಡು ಸುತ್ತು ಬಿಚ್ಚಿಕೊಂಡು ನಿಂತಿದ್ದವು. ಒಳಗಿನ ಭಾಗ ಬರೀ ಕಂದು.

"ಹಾಡಿ ಸುಟ್ಟ ಕಾಯಿಲ್ ಹಿಂಗಿರೂದಿಲ್ರಿ. ಹಾಡುವಾಗ ಹಿಂದ ಮುಂದ ಓಡಾಡ್ತೈತಿ, ಗಾಳಿ ಬೀಸಿಕೊಂತೈತಿ, ಸುಟ್ರೂ ಎಲ್ಲಾ ಕಡಿ ಒಂದ ಸಮ ಸುಡ್ತೈತಿ. ಇದು ಮುಂದ ಹೋಗಿ ಅಲ್ಲೇ ನಿಂತು ಸುಟ್ಟೈತಿ. ಒಳಗಿನ ಭಾಗದ ಕಾವು ಸುತ್ತಲಿನ ಕಬ್ಬಿಣ ಎಳಕೊಂತು, ಹೊರಗಿಂದಕ್ಕ ಅದೂ ಇಲ್ಲ. ಹಾಡಲ್ಲ ಇದು, ಡಿ.ಸಿ., ಒಂದ ದಿಕ್ಕಿಗೆ ಹರಿಯೂ ಕರೆಂಟ್."

ಇಲ್ಲಿಂದ ಗಮನ ಆಂಪ್ಲಿಫೈಯರಿನ ಕಡೆ ಹೊರಳಿತು. 1990ರ ದಶಕದ ಅಸೆಂಬಲ್ಡ್ ಪೆಟ್ಟಿಗೆ, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಡಬ್ಬಿಗಳ ಜೊತೆಗೇ ಕೊಂಡದ್ದು. ಚಾನೆಲ್ಲಿಗೆ ಎರಡರಂತೆ 2ಎನ್3055 ಟ್ರಾನ್ಸಿಸ್ಟರ್, 20-0-20 ಟ್ರಾನ್ಸ್‌ಫಾರ್ಮರ್.

"ಸರ್, 20 ವೋಲ್ಟ್ ಎ.ಸಿ. ಡಿ.ಸಿ. ಆದ್ರ ಎಷ್ಟು?"

"1.414ರಿಂದ ಗುಣಿಸಬೇಕು. 28ರ ಹತ್ರ."

"ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆದ್ರ ಆ 28 ವೋಲ್ಟ್ ಸೀದಾ ಸ್ಪೀಕರಿಗೆ ಬರ್ತೈತಿ. ಕಾಯಿಲ್ ಆರು ಓಮ್."

ಮಾಸ್ತರು ಬಾಯಲ್ಲೇ ಲೆಕ್ಕ ಹಾಕಿದರು. "28ರ ವರ್ಗ 784. ಆರರಿಂದ ಭಾಗಿಸಿದ್ರ 130 ವ್ಯಾಟ್."

"ಅದೂ ಒಂದ ಸವನ. ಉಸುರು ಬಿಡಾಕ ಪುರಸೊತ್ತಿಲ್ಲ. ನೀವು ದಿನಾ ಖಯಾಲ್ ಕೇಳುವಾಗ ಆ ಕಾಯಿಲಿಗೆ ಸರಾಸರಿ ಒಂದು ವ್ಯಾಟೂ ಹೋಗಿರೂದಿಲ್ಲ."

ಹೇಳುತ್ತಲೇ ಎಡ ಚಾನೆಲ್ಲಿನ ಒಂದು ಟ್ರಾನ್ಸಿಸ್ಟರಿನ ಕಲೆಕ್ಟರ್, ಎಮಿಟರಿಗೆ ಮೀಟರ್ ಹಿಡಿದ. ಅದು ಕುಂಯ್ ಎಂದಿತು. ಗೋಡೆಯ ಪ್ಲಗ್ಗಿಗೆ ನೇರವಾಗಿ ಹಾಕದೆ, ಸೀರೀಸ್ ಬಲ್ಬಿನ ಮೂಲಕ ಕರೆಂಟ್ ಕೊಟ್ಟ. ನೂರು ವ್ಯಾಟಿನ ಹಳೆ ಬಲ್ಬು ಭರ್ರನೆ ಉರಿಯಿತು. ಒಳಗೆ ಶಾರ್ಟ್ ಇದೆ ಎನ್ನುವುದಕ್ಕೆ ಅದೇ ಸಾಕ್ಷಿ. ಸರಿ ಇದ್ದ ಪೆಟ್ಟಿಗೆಯಾದರೆ ಒಮ್ಮೆ ಮಿನುಗಿ ಮಂಕಾಗಬೇಕು. ಎಲ್‌ಇಡಿ ಬಂದ ಮೇಲೆ ಈ ತಂತಿ ಬಲ್ಬುಗಳು ಸಿಗುವುದೇ ಕಷ್ಟವಾಗಿದೆ, ಆದರೆ ಈ ಕೆಲಸಕ್ಕೆ ಎಲ್‌ಇಡಿ ಬರುವುದಿಲ್ಲ. ರಿಪೇರಿಯವರು ಅವನ್ನು ಕಪಾಟಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿರುತ್ತಾರೆ. ಬಲ ಚಾನೆಲ್ಲಿನ ತುದಿಯಲ್ಲಿ ಕೆಲವೇ ಮಿಲಿವೋಲ್ಟ್, ಇರಬೇಕಾದಷ್ಟೇ. ಎಡಕ್ಕೆ, ಬಲ್ಬಿನ ತಡೆ ಇದ್ದರೂ, ವೋಲ್ಟ್‌ಗಳೇ ನಿಂತಿದ್ದವು.

"ನೀವು ಕೇಳಿದ ಗುಂಯ್ ಅನ್ನೂದು ಇದ. 28 ವೋಲ್ಟಿನ ಮ್ಯಾಲ 100 ಹರ್ಟ್ಸಿನ ಅಲಿ ಕೂತಿರ್ತೈತಿ. ಗುಂಯ್ ಅಂದು ವಾಸನಿ ಬಂತು ಅಂದ್ರ ನಾ ಮೊದಲು ಪೆಟ್ಟಿಗಿ ನೋಡಾಂವ, ಸ್ಪೀಕರ್ ಆಮ್ಯಾಲ."

"ಅಂದ್ರ ನಾ ಹೇಳಿದ್ದ ಆತಲ್ಲೋ. ವೋಲ್ಟೇಜ್ ಏರಿ ಟ್ರಾನ್ಸಿಸ್ಟರ್ ಹೋತು."

"ಆಗಬಹುದ್ರಿ. ಇಲ್ಲ ಅನ್ನೂದಿಲ್ಲ. ಆದ್ರ 230 ಹೋಗಿ 260 ಆತು ಅಂತ ಇಟ್ಕೊಳ್ರಿ. ಇಲ್ಲಿ 28 ಎಷ್ಟಾಗ್ತೈತಿ?"

"32ರ ಒಳಗ."

"ಅಷ್ಟಕ್ಕ ಇಪ್ಪತ್ತೈದು ವರ್ಷ ಬಾಳಿದ ಟ್ರಾನ್ಸಿಸ್ಟರ್ ಒಂದ ಗಳಿಗಿಗೆ ಸಾಯೂದಿಲ್ಲ. ಇಲ್ನೋಡ್ರಿ."

ಮೇಲಿನ ಮುಚ್ಚಳವನ್ನು ಬೆಳಕಿಗೆ ಹಿಡಿದ. ಪೆಟ್ಟಿಗೆಯ ಬದಿಗಳಲ್ಲಿ ಕೆಮ್ಮಣ್ಣಿನ ಧೂಳು ಪದರಗಟ್ಟಿತ್ತು. ಮುಚ್ಚಳದ ನಡುವೆ ಮಾತ್ರ ಚೌಕಾಕಾರದ ಸ್ವಚ್ಛ ಜಾಗ, ಸರಿಯಾಗಿ ಗಾಳಿಕಿಂಡಿಗಳ ಮೇಲೆ.

"ಮ್ಯಾಲ ಬಟ್ಟಿ ಹೊಚ್ಚಿದ್ರೇನ್ರಿ?"

"ನಮ್ಮ ಮನಿಯಾಕಿ ಕಸೂತಿ ಹಾಕಿದ್ದು. ಧೂಳ ಬೀಳಬಾರ್ದು ಅಂತ..."

ರೇಡಿಯೋ ಕಾಲದಿಂದಲೂ ನಮ್ಮ ಕಡೆಯ ಮನೆಗಳಲ್ಲಿ ಹಾಡುವ ಪೆಟ್ಟಿಗೆಗೆ ಮುಸುಕು ಹಾಕುವುದೊಂದು ಮರ್ಯಾದೆ. ವಾಲ್ವ್ ರೇಡಿಯೋ, ಟೇಪ್‌ರೆಕಾರ್ಡರ್, ಟಿ.ವಿ., ಯಾವುದೂ ಅದರಿಂದ ತಪ್ಪಿಸಿಕೊಂಡಿಲ್ಲ. ಕಾವು ಹೊರಹೋಗಬೇಕಾದ ಕಿಂಡಿಯೇ ಮುಚ್ಚುತ್ತದೆ ಎಂದು ಹೇಳಿದರೆ ಮನೆಯೊಡತಿಯರು ನಂಬುವುದು ಕಷ್ಟ, ಏಕೆಂದರೆ ಮುಸುಕು ಹಾಕಿದ ಪೆಟ್ಟಿಗೆ ಹತ್ತು ವರ್ಷ ಚೆನ್ನಾಗಿಯೇ ಹಾಡಿರುತ್ತದೆ. ಮೆಕ್ಯಾನಿಕ್ ಟ್ರಾನ್ಸಿಸ್ಟರಿನ ಎರಡು ಸ್ಕ್ರೂ ಬಿಚ್ಚಿ ಎತ್ತಿದ. ಅದಕ್ಕೂ ಅಲ್ಯೂಮಿನಿಯಂ ಹೀಟ್‌ಸಿಂಕಿಗೂ ನಡುವೆ ಕಾವು ದಾಟಿಸಲು ಬಳಿದಿದ್ದ ಬಿಳಿ ಪೇಸ್ಟು ಒಣಗಿ ಪುಡಿಯಾಗಿ ಉದುರಿತು.

"ಒಳಗ ಕಾವು ದಾಟೂದಿಲ್ಲ, ಮ್ಯಾಲ ಗಾಳಿ ಹೋಗೂದಿಲ್ಲ, ಹುಟ್ಟುಹಬ್ಬದ ದಿನ ಸಂಜಿಯಿಂದ ಫುಲ್ ವಾಲ್ಯೂಮು. ಟ್ರಾನ್ಸಿಸ್ಟರ್ ಅವತ್ತ ಅರ್ಧ ಸತ್ತಿತ್ತು. ಇದು ನನ್ನ ಅಂದಾಜ್ರಿ, ಶಾರ್ಟ್ ಆಗಿದ್ದು ಮಾತ್ರ ಖರೆ. ಇನ್ನೊಂದು ಖರೆ ತೋರಸ್ತೀನಿ."

ಸ್ಪೀಕರ್ ದಾರಿಯ ಎಡ ಫ್ಯೂಸ್ ಹೋಲ್ಡರಿನಲ್ಲಿ ಗಾಜಿನ ಕೊಳವೆ ಇತ್ತು. ಅದರ ಮೇಲೆ ತಾಮ್ರದ ಎಳೆಯೊಂದನ್ನು ಸುತ್ತಿ ಎರಡೂ ತುದಿಗೆ ಬೆಸೆದಿದ್ದರು. ಹಿಂದೆಂದೋ ಫ್ಯೂಸ್ ಹೋದಾಗ ಯಾರೋ ಮಾಡಿಕೊಟ್ಟ ತುರ್ತು ಕೆಲಸ.

"28ನ್ನ ಆರರಿಂದ ಭಾಗಿಸಿದ್ರ ನಾಲ್ಕೂವರಿ ಆಂಪಿಯರ್ ಮ್ಯಾಲಾತು," ಎಂದು ಮಾಸ್ತರು ತಾವಾಗಿಯೇ ಹೇಳಿದರು. "ಇಲ್ಲಿ ಎರಡು ಆಂಪಿಯರಿನ ಫ್ಯೂಸ್ ಇದ್ದಿದ್ರ..."

"ಫ್ಯೂಸ್ ಹೋಗ್ತಿತ್ತು, ಕಾಯಿಲ್ ಉಳೀತಿತ್ತು. ಗ್ಯಾರಂಟಿ ಹೇಳೂದಿಲ್ಲ, ಉಳಿಯೂ ಸಂಭವ ಭಾಳ ಇತ್ತು. ಈಗ ನಾ ರಿಲೇ ಬೋರ್ಡ್ ಹಾಕ್ತೀನಿ. ಡಿ.ಸಿ. ಕಂಡ್ರ 'ಟಕ್' ಅಂತ ಸ್ಪೀಕರ್ ಬಿಡಸ್ತೈತಿ."

ಎಡದ ಕೇಸು ಇಲ್ಲಿಗೆ ಸುಮಾರಾಗಿ ತೀರಿತು. ಬಲದ್ದು ಸುಲಭವೆಂದು ಮಾಸ್ತರಿಗೆ ಅನ್ನಿಸಿತ್ತು, ಮೀಟರ್ 6.1 ತೋರಿಸಿತಲ್ಲ. ಆದರೆ ಅನುಭವವಿಲ್ಲದವರು ಎಡವುವುದು ಇಂಥಲ್ಲೇ. ಡಬ್ಬಿಯ ಹಿಂದಿನ ಟರ್ಮಿನಲ್ಲಿಗೆ ಹಿಡಿದ ಮೀಟರ್ ವೂಫರನ್ನು ಮಾತ್ರ ನೋಡುತ್ತದೆ. ಮೇಲಿನ ಸ್ವರಗಳನ್ನು ಹಾಡುವ ಟ್ವೀಟರಿನ ದಾರಿಯಲ್ಲಿ ಕೆಪಾಸಿಟರ್ ಅಡ್ಡ ಕೂತಿರುತ್ತದೆ, ಮೀಟರಿನ ಡಿ.ಸಿ. ಅದನ್ನು ದಾಟುವುದಿಲ್ಲ. ಟ್ವೀಟರನ್ನು ಹೊರತೆಗೆದು, ಒಂದು ತಂತಿ ಬಿಡಿಸಿ ನೋಡಬೇಕು. ನೋಡಿದರು. ಮೀಟರ್ ಮಿಸುಕಲಿಲ್ಲ, ಕಾಯಿಲ್ ತುಂಡು.

"ಕೆಪಾಸಿಟರ್ ಶಾರ್ಟ್ ಆಗಿ ಬೇಸೆಲ್ಲಾ ಇದಕ್ಕ ನುಗ್ಗಿರಬಹುದು. ಹೊಸದು ಹಾಕೂ ಮೊದಲು ಅದನ್ನ ನೋಡಬೇಕು," ಎನ್ನುತ್ತ 4.7 ಮೈಕ್ರೋಫ್ಯಾರಡಿನ ಕೆಪಾಸಿಟರ್ ಅಳೆದ. ಹೆಚ್ಚುಕಡಿಮೆ ಅಷ್ಟೇ ಬಂತು. ಎಂಟು ಓಮಿನ ಟ್ವೀಟರಿಗೆ ಅದು ಸುಮಾರು 4,200 ಹರ್ಟ್ಸಿನಿಂದ ಮೇಲಿನದನ್ನಷ್ಟೇ ಬಿಡುತ್ತದೆ. ಅದರ ತಪ್ಪಿಲ್ಲ.

"ಮತ್ಯಾಕ ಸುಟ್ಟಿತು? ಡಬ್ಬಿ ಮ್ಯಾಲ 100 ವ್ಯಾಟ್ ಅಂತ ಐತಿ. ನನ್ನ ಪೆಟ್ಟಿಗಿ 40 ವ್ಯಾಟಿಂದು. ಸಣ್ಣ ಪೆಟ್ಟಿಗಿ ದೊಡ್ಡ ಡಬ್ಬಿನ್ನ ಹೆಂಗ ಸುಡ್ತೈತಿ?"

ಇದು ಎಲ್ಲರೂ ಕೇಳುವ ಪ್ರಶ್ನೆ, ಮತ್ತು ಒಳ್ಳೆಯ ಪ್ರಶ್ನೆ. ಡಬ್ಬಿಯ ಮೇಲಿನ ನೂರು ವ್ಯಾಟ್ ಎಂದರೆ ಟ್ವೀಟರು ನೂರು ವ್ಯಾಟ್ ತಾಳುತ್ತದೆ ಎಂದಲ್ಲ. ಸಂಗೀತದಲ್ಲಿ ಮೇಲಿನ ಸ್ವರಗಳ ಪಾಲು ಕಡಿಮೆ ಎಂಬ ನಂಬಿಕೆಯ ಮೇಲೆ ಬರೆದ ಅಂಕಿ ಅದು. ಒಂದಿಂಚಿನ ಟ್ವೀಟರಿನ ಕೂದಲೆಳೆಯಂಥ ತಂತಿ ಬಿಡುವಿಲ್ಲದೆ ತಾಳುವುದು ಕೆಲವೇ ವ್ಯಾಟ್. (ಪಿ.ಎಂ.ಪಿ.ಒ. ಎಂದು ಸಾವಿರಗಟ್ಟಲೆ ವ್ಯಾಟ್ ಬರೆದ ಪೆಟ್ಟಿಗೆಗಳ ಮಾತು ಬಿಡಿ. ಆ ಅಂಕಿಗೆ ಎಲ್ಲರೂ ಒಪ್ಪಿದ ಅಳತೆಯೇ ಇಲ್ಲ. ತೂಕದ ಕಲ್ಲಿಲ್ಲದ ತಕ್ಕಡಿ.)

ಮೆಕ್ಯಾನಿಕ್ ರಟ್ಟಿನ ಮೇಲೆ ಒಂದು ಅಲೆ ಬರೆದ. ಅದರ ತಲೆಯನ್ನೂ ಬುಡವನ್ನೂ ಗೆರೆ ಎಳೆದು ಕೊಯ್ದ. "ವಾಲ್ಯೂಮ್ ಏರಿಸಿದ್ರ ಪೆಟ್ಟಿಗಿ 28 ವೋಲ್ಟಿನ ಮ್ಯಾಲ ಹೋಗಾಕ ಬರೂದಿಲ್ಲ. ತಲಿ ಸಪಾಟ್ ಆಗ್ತೈತಿ. ತಲಿ ಬೆಳಿಯೂದಿಲ್ಲ, ಮೈ ಮಾತ್ರ ದಪ್ಪ ಆಗ್ತೈತಿ."

ಮಾಸ್ತರು ಚಿತ್ರ ನೋಡಿದರು. "ಪೂರಾ ಚೌಕ ಆದ್ರ, ಅಷ್ಟ ಎತ್ತರದ ಸೈನ್ ಅಲಿಗಿಂತ ಶಕ್ತಿ ಎರಡು ಪಟ್ಟು. ನಲವತ್ತರ ಪೆಟ್ಟಿಗಿ ಎಂಬತ್ತು ಕೊಟ್ಟಂಗಾತು."

"ಹಾಂ. ಅದರಾಗ ಚೌಕಿನ ಮೂಲಿಯಾಗ ಹುಟ್ಟಿದ ಹೊಸ ಸ್ವರ ಎಲ್ಲಾ ಟ್ವೀಟರಿನ ಪಾಲಿಗೆ. ಮ್ಯಾಲ ಡಿಜೆ ಹಾಡು ಬ್ಯಾರೆ. ಖಯಾಲಿನಾಗ ದನಿ ಏರ್ತೈತಿ, ಇಳೀತೈತಿ, ತಂಬೂರಿ ಒಂದ ಉಳಿಯೂ ಹೊತ್ತೂ ಇರ್ತೈತಿ. ಕಾಯಿಲ್ ತಣ್ಣಗಾಗಾಕ ಜಾಗ ಸಿಗ್ತೈತಿ. ಆ ಹಾಡುಗಳನ್ನ ಸ್ಟುಡಿಯೋದಾಗ ಮೊದಲ ಸಪಾಟ್ ತಟ್ಟಿ ಕಳಸಿರ್ತಾರ. ಈಕ್ವಲೈಸರ್‌ನಾಗ ಆ ತುದಿ ಈ ತುದಿ ಪೂರಾ ಏರಿಸಿದ್ರಂತೂ ಮುಗೀತು. ಹತ್ತು ಡೆಸಿಬೆಲ್ ಏರಿಸಿದ್ರ ಹತ್ತು ಪಟ್ಟು ಶಕ್ತಿ. ಒಂದು ಕೇಳ್ಲೇನ್ರಿ? ರಾತ್ರಿ ಆಗ್ತಾ ದನಿ ಕಡಿಮಿ ಆತು ಅಂತ ಹುಡುಗ್ರು ಮತ್ತ ಏರಿಸಿದ್ರೇನ?"

"ನಿನಗ್ಯಾರು ಹೇಳಿದ್ರು?"

"ಕಾಯಿಲ್ ಹೇಳ್ತೈತಿ. ತಾಮ್ರ ಕಾದ್ರ ಓಮ್ ಏರೂದಿಲ್ಲೇನ್ರಿ?"

"ಡಿಗ್ರಿಗೆ ಶೇಕಡಾ 0.39," ಎಂದು ಮಾಸ್ತರು ಪಾಠದ ದನಿಯಲ್ಲಿ ಹೇಳಿ, ಅಲ್ಲೇ ತಡೆದರು. "250 ಡಿಗ್ರಿ ಏರಿದ್ರ ಆರು ಓಮಿಂದು ಹನ್ನೆರಡರ ಹತ್ರ ಹೋಗ್ತೈತಿ. ಕರೆಂಟ್ ಅರ್ಧ ಆಗ್ತೈತಿ. ದನಿ ತಾನ ಇಳೀತೈತಿ."

"ಇಳೀತು ಅಂತ ಹುಡುಗ್ರು ಏರಸ್ತಾರ. ಏರಿಸಿದ್ರ ಮತ್ತ ಕಾಯ್ತೈತಿ."

ಮಾಸ್ತರು ಒಂದು ಸಂಶಯ ಬಾಕಿ ಇಟ್ಟುಕೊಂಡಿದ್ದರು. "ಎರಡೂ ಡಬ್ಬಿಗೆ ಒಂದ ಹಾಡು ಹೋಗಿತ್ತು. ಎಡಕ್ಕಿನ ಟ್ವೀಟರ್ ಯಾಕ ಉಳೀತು?"

ಅವರು ಹೇಳುವಷ್ಟರಲ್ಲಿ ಅದೂ ಹೊರಗೆ ಬಂದಿತ್ತು. ಮೀಟರಿನಲ್ಲಿ 5.8 ಓಮ್. ಅದನ್ನು ಕೆಪಾಸಿಟರ್ ಸಮೇತ ಬೇರೆ ಪೆಟ್ಟಿಗೆಗೆ ಜೋಡಿಸಿ ಸಣ್ಣ ದನಿಯಲ್ಲಿ ಹಚ್ಚಿದಾಗ ಹಾಡಿತು, ಆದರೆ ಪ್ರತಿ ತಾಳದ ಹೊಡೆತಕ್ಕೂ ಹಿಂದೆ ಸಣ್ಣಗೆ ಕರಕರ.

"ಉಳಿದಿಲ್ರಿ ಸರ್. ಅಂಟು ಮೆತ್ತಗಾಗಿ ಕಾಯಿಲ್ ಜಾಗ ಬಿಟ್ಟೈತಿ. ಎರಡೂ ಒಂದ ದಾರ್ಯಾಗ ಹೊಂಟಿದ್ವು, ಬಲಕ್ಕಿಂದು ಮುಂದ ಹೋತು. ನೀವು ಎಷ್ಟಕ್ಕ ಬಂದ್ ಮಾಡಿದ್ರಿ?"

"ಹತ್ತಕ್ಕ. ಬಾಜೂ ಮನಿಯಾಂವ ಬಂದು ಪೊಲೀಸ್ರಿಗೆ ಹೇಳ್ತೀನಿ ಅಂದ."

"ಅಂವ ಬರದಿದ್ರ ಇದೂ ಅವತ್ತ ಹೋಗ್ತಿತ್ತು."

2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕವನ್ನು ನಿರ್ಬಂಧಿಸುತ್ತವೆ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ನೆರೆಯವರ ನಿದ್ದೆಗೆಂದು ಮಾಡಿದ ಕಾನೂನು ಟ್ವೀಟರಿಗೂ ಆಯುಷ್ಯ ಕೊಡುತ್ತದೆಂದು ಅದನ್ನು ಬರೆದವರು ಎಣಿಸಿರಲಿಕ್ಕಿಲ್ಲ.

ಇಷ್ಟಾದ ಮೇಲೆ ಮೆಕ್ಯಾನಿಕ್ ಬಲದ ವೂಫರಿನ ಅಂಚಿನ ಮೇಲೆ ಉಗುರಿನಿಂದ ಮೆಲ್ಲಗೆ ಗೀರಿದ. ಕೋನನ್ನು ಚೌಕಟ್ಟಿಗೆ ಹಿಡಿದಿಡುವ ಫೋಮ್ ರಿಂಗಿನಿಂದ ಕರಿಯ ಪುಡಿ ಬೆರಳಿಗೆ ಅಂಟಿತು. ಪಾಲಿಯುರಿಥೇನ್ ಫೋಮು ಗಾಳಿಯ ತೇವಕ್ಕೂ ಬಿಸಿಲಿಗೂ ತಾನಾಗಿ ಶಿಥಿಲವಾಗುತ್ತದೆ. ಹದಿನೈದು ಇಪ್ಪತ್ತು ವರ್ಷಕ್ಕೆ, ಹಾಡಿಸಿದರೂ ಹಾಡಿಸದಿದ್ದರೂ. ರಬ್ಬರಿನ ಅಂಚು ಇನ್ನೂ ಹೆಚ್ಚು ಬಾಳುತ್ತದೆ. ಈ ಸಾವುಗಳಲ್ಲಿ ಫೋಮಿನ ಕೈವಾಡವಿರಲಿಲ್ಲ. ಆದರೆ ಅದು ಹರಿದಿದ್ದರೆ ಕೋನು ವಾಲಿ, ಕಾಯಿಲ್ ಒಂದು ಬದಿಗೆ ಕೆರೆದು, ಮುಂದಿನ ವರ್ಷ ಇದೇ ಟೇಬಲ್ಲಿಗೆ ಮೂರನೆಯ ಕೇಸಾಗಿ ಬರುತ್ತಿತ್ತು.

"ಹೊಸಾ ಡಬ್ಬಿ ತಗೊಂಡು ಬಿಡ್ಲೇನ?" ಎಂದರು ಮಾಸ್ತರು.

"ಇವತ್ತ ಹೊಸಾ ಡಬ್ಬಿ ಒಯ್ದು ಈ ಪೆಟ್ಟಿಗಿಗೆ ಹಚ್ಚಿದ್ರ ಇವತ್ತ ಸುಡ್ತೈತಿ. ಮೊದಲು ಇದು. ಎಡ ಚಾನೆಲ್ಲಿಗೆ ಎರಡೂ ಟ್ರಾನ್ಸಿಸ್ಟರ್, ನಾಲ್ಕಕ್ಕೂ ಹೊಸ ಪೇಸ್ಟ್, ಖರೆ ಫ್ಯೂಸು, ರಿಲೇ. ಒಂದಿಡೀ ದಿನ ನನ್ನ ಹಳೇ ಸ್ಪೀಕರಿಗೆ ಹಚ್ಚಿ ಬಿಡ್ತೀನಿ. ಅದು ಉಳದ್ರ ಆಮ್ಯಾಲ ಡಬ್ಬಿ ಕೆಲಸ."

"ಎಡಕ್ಕಿನ ವೂಫರ್ ಒಂದಕ್ಕ ಕಾಯಿಲ್ ಹಾಕಿದ್ರ ಸಾಕಲ್ಲ?"

"ಕಾಯಿಲ್ ಜೋಡಿ ಕೋನೂ ಹೊಸದು ಬರ್ತೈತಿ. ಹೊಸಾ ಕೋನಿನ ತೂಕ ಬ್ಯಾರೆ, ದನಿ ಬ್ಯಾರೆ. ಒಂದ ಕಡಿ ಹಾಕಿದ್ರ ಮನ್ಸೂರರು ನಡುವ ಕೂಡೂದಿಲ್ಲ, ಒಂದ ಬದಿಗೆ ಸರೀತಾರ. ಹಾಕಿದ್ರ ಎರಡಕ್ಕೂ ಹಾಕ್ರಿ. ಟ್ವೀಟರೂ ಜೋಡಿನ ಬದಲಸ್ರಿ."

ಮಾಸ್ತರು ಖರ್ಚಿನ ಅಂದಾಜು ಕೇಳಿದರು, ಚೌಕಾಶಿ ಮಾಡಿದರು, ಒಪ್ಪಿದರು. ಮೆಕ್ಯಾನಿಕ್ ಚೀಟಿ ಬರೆದು ಎಡ ಡಬ್ಬಿಗೆ ಅಂಟಿಸಿದ. ಆಟೋ ಹತ್ತುವ ಹೊತ್ತಿಗೆ ಹಿಂದಿನಿಂದ ಕೂಗಿದ:

"ಸರ್, ಒಯ್ಯಾಕ ಬರುವಾಗ ಮೊಮ್ಮಗನ್ನೂ ಕರಕೊಂಡು ಬರ್ರಿ, ಫೋನ್ ಸಮೇತ. ಅದರ ಈಕ್ವಲೈಸರ್ ಎಲ್ಲಿ ಇಟ್ಟಾನ, ಒಮ್ಮಿ ನೋಡಬೇಕು."